ತಾನೇ ಆನ್ ಆಗುತ್ತಿದ್ದ ಕಂಪ್ಯೂಟರೂ ನಾನು ಬರೆದ ಚೀಟಿಯೂ

ಕಂಪ್ಯೂಟರ್ ರಿಪೇರಿ ಕೆಲಸಕ್ಕೆ ಹೊಸದಾಗಿ ಸೇರಿದವರು ಆಗಾಗ ನಮ್ಮ ಮನೆಗೆ ಬಂದು, "ಅಂಕಲ್, ನಿಮ್ಮ ಅನುಭವದ ಒಂದೆರಡು ಮಾತು ಹೇಳಿ" ಅಂತ ಕೂರುತ್ತಾರೆ. ಅವರಿಗೆ ನಾನು ಹೇಳುವುದು ಒಂದೇ. ಸ್ಕ್ರೂಡ್ರೈವರ್ ತೆಗೆಯುವ ಮೊದಲು ಬಾಯಿ ಮುಚ್ಚಿಕೊಳ್ಳಿ, ಎದುರಿಗಿರುವವರು ಮಾತಾಡಲಿ. ಪಾಪ, ಇದೇನೋ ದೊಡ್ಡ ವೇದಾಂತ ಅಂದುಕೊಂಡು ತಲೆಯಾಡಿಸಿ, ಕಾಫಿ ಕುಡಿದು ಹೋಗುತ್ತಾರೆ. ವೇದಾಂತವೂ ಅಲ್ಲ, ಮಣ್ಣೂ ಅಲ್ಲ. ದೊಡ್ಡಬಳ್ಳಾಪುರದ ಒಂದು ಮಗ್ಗದ ಮನೆಯಲ್ಲಿ ಮರ್ಯಾದೆ ಕಳೆದುಕೊಂಡು ಕಲಿತ ಪಾಠ ಅದು. ಒಮ್ಮೆ ಸರಿಯಾಗಿ ಬರೆದಿಟ್ಟುಬಿಡೋಣ ಎಂದು ಕೂತಿದ್ದೇನೆ.

ನನ್ನ ಹೆಸರು ರಾಮಾಂಜಿನಪ್ಪ, ಊರು ಸಾಸಲು ಕಡೆ. ಎಂಬತ್ತರ ದಶಕದ ಕೊನೆಯಲ್ಲಿ ರೇಡಿಯೋ, ಟೀವಿ ರಿಪೇರಿ ಮಾಡಿಕೊಂಡಿದ್ದೆ. ಆ ಕಾಲಕ್ಕೆ ಮಾಳಿಗೆ ಹತ್ತಿ ಆಂಟೆನಾ ತಿರುಗಿಸಿ "ಬಂತಾ? ಈಗ ಬಂತಾ?" ಎಂದು ಕೂಗುವವನೇ ಎಂಜಿನಿಯರ್. ತೊಂಬತ್ತರ ದಶಕ ಅರ್ಧ ಕಳೆಯುವಷ್ಟರಲ್ಲಿ ದೊಡ್ಡಬಳ್ಳಾಪುರದ ಬಸ್ ನಿಲ್ದಾಣದ ಹತ್ತಿರ ಶ್ರೀಕಂಠಯ್ಯ ಎಂಬವರು ಕಂಪ್ಯೂಟರ್ ಅಂಗಡಿ ತೆರೆದರು. ನಾನು ಹೋಗಿ ಕೆಲಸ ಕೇಳಿದೆ. ನನಗಿದ್ದ ಯೋಗ್ಯತೆ ಎರಡೇ: ಬೆಸುಗೆ ಹಾಕಲು ಬರುತ್ತಿತ್ತು, ಸ್ವಂತ ಮೊಪೆಡ್ ಇತ್ತು. ಶ್ರೀಕಂಠಯ್ಯನವರು ಎರಡನೆಯದನ್ನು ನೋಡಿ ಕೆಲಸ ಕೊಟ್ಟರು.

ಮೊದಲ ದಿನವೇ ನನ್ನನ್ನು ಎದುರಿಗೆ ಕೂರಿಸಿಕೊಂಡು ಉಪದೇಶ ಮಾಡಿದರು. "ನೋಡು ರಾಮಾಂಜಿ, ಈ ಧಂದೆಯಲ್ಲಿ ಎರಡೇ ಕಾಯಿಲೆ. ಒಂದು, ಉಪಯೋಗಿಸೋರ ತಪ್ಪು. ಅಲ್ಲ ಅಂತ ಗೊತ್ತಾದ್ರೆ, ವೈರಸ್ಸು. ಮೂರನೇದು ಅಂತ ಒಂದಿಲ್ಲ. ಇದ್ರೂ ಗಿರಾಕಿ ಮುಂದೆ ಬಾಯಿ ಬಿಡ್ಬೇಡ."

ಅವರನ್ನು ಈಗ ಬೈಯುವುದು ಸುಲಭ. ಆದರೆ ಆಗ ನನಗೆ ಸಿಗುತ್ತಿದ್ದ ಕೇಸುಗಳೂ ಹಾಗೇ ಇದ್ದವು. ಆಯುಧಪೂಜೆಯ ಮಾರನೆಯ ದಿನ ನಮಗೆ ಊಟಕ್ಕೂ ಪುರುಸೊತ್ತು ಇರುತ್ತಿರಲಿಲ್ಲ. ಫ್ಲಾಪಿ ಹಾಕುವ ಸಂದಿಯಲ್ಲಿ ಕುಂಕುಮ, ಕೀಬೋರ್ಡಿನ ಒಳಗೆ ಅಕ್ಷತೆ, ಮಾನಿಟರಿನ ಗಾಳಿಕಂಡಿಯಲ್ಲಿ ಸೇವಂತಿಗೆ ಎಸಳು. ಒಬ್ಬರು ಮೌಸನ್ನೂ ತೊಳೆದು ವಿಭೂತಿ ಹಚ್ಚಿದ್ದರು.

ಇನ್ನು ನಲ್ಲೂರಿನ ಒಬ್ಬ ರೈತರ ಕಥೆ ಕೇಳಬೇಕು. ದೊಡ್ಡ ಮನುಷ್ಯರು, ಮನೆಯಲ್ಲಿ ಹುಣಸೆಹಣ್ಣಿಗೆ ಬರವಿಲ್ಲ. ಕಂಪ್ಯೂಟರ್ ಆಗಾಗ ನಿಲ್ಲುತ್ತದೆ ಎಂದು ಫೋನ್ ಮಾಡಿದ್ದರು. ನಾನೇ ಜಾಣತನ ತೋರಿಸಲು ಹೋಗಿ, "ಒಳಗಿನ ಮೆಮೊರಿ ಕಡ್ಡಿಯ ಹಲ್ಲು ಮಂಕಾಗಿರುತ್ತೆ, ಸ್ವಲ್ಪ ಉಜ್ಜಿ ಹಾಕಿ" ಎಂದು ಫೋನಿನಲ್ಲೇ ಹೇಳಿದೆ. ಅಳಿಸುವ ರಬ್ಬರಿನಿಂದ ಎಂದು ಹೇಳಲು ಮರೆತೆ. ಹೋಗಿ ನೋಡಿದರೆ, ಅವರ ಮನೆಯವರು ದೀಪದ ಕಂಬ ಬೆಳಗುವ ಹಾಗೆ ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿ ತೊಳೆದು, ಬಿಸಿಲಿಗೆ ಒಣಗಿಸಿ ಇಟ್ಟಿದ್ದಾರೆ. "ನೋಡಿ ಸ್ವಾಮಿ, ಹೆಂಗ್ ಹೊಳೀತೈತೆ!" ಎಂದರು. ನಿಜ, ಫಳಫಳ ಹೊಳೆಯುತ್ತಿತ್ತು. ಸತ್ತೂ ಹೋಗಿತ್ತು. ನಾನು ಶ್ರೀಕಂಠಯ್ಯನವರ ಪಾಠದಂತೆ ಚೀಟಿಯಲ್ಲಿ 'ಉಪಯೋಗಿಸುವವರ ತಪ್ಪು' ಎಂದು ಬರೆದು ಬಂದೆ. ನನ್ನ ಮಾತು ಕೇಳಿಯೇ ಅವರು ಹಾಗೆ ಮಾಡಿದ್ದು ಎಂದು ಎಲ್ಲೂ ಬರೆಯಲಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಮೊದಲಿನ ಕಂಪ್ಯೂಟರುಗಳಿಗೆ ದಪ್ಪ ಸ್ವಿಚ್ ಇರುತ್ತಿತ್ತು. ಟಪ್ ಎಂದು ಒತ್ತಿದರೆ ಆನ್, ಇನ್ನೊಮ್ಮೆ ಒತ್ತಿದರೆ ಆಫ್, ಮನೆಯ ಫ್ಯಾನಿನ ಹಾಗೆ. ತೊಂಬತ್ತರ ದಶಕದ ಕೊನೆಗೆ ಹೊಸ ಬಗೆ ಬಂತು. ಅದರಲ್ಲಿ ಕಂಪ್ಯೂಟರಿಗೆ 'ಮಲಗು' ಎಂದು ಹೇಳಿದರೆ ತಾನೇ ಆಫ್ ಆಗುತ್ತದೆ, ಆದರೆ ಒಳಗೆ ಒಂದು ಸಣ್ಣ ಭಾಗ ಎಚ್ಚರವಾಗಿಯೇ ಇರುತ್ತದೆ. ಈ ಎಚ್ಚರವಾಗಿರುವ ಭಾಗದ ಬಗ್ಗೆ ನಮಗೆ ಯಾರೂ ಸರಿಯಾಗಿ ಹೇಳಿಕೊಟ್ಟಿರಲಿಲ್ಲ. ಗಿರಾಕಿಗಳಿಗೆ ನಾವೂ ಹೇಳಲಿಲ್ಲ.

ಅಂಥ ಒಂದು ಪೆಟ್ಟಿಗೆಯನ್ನು ನಾನೇ ಜೋಡಿಸಿ ಗಂಗಾಧರಪ್ಪನವರ ಮನೆಯಲ್ಲಿ ಇಟ್ಟು ಬಂದಿದ್ದೆ. ಅವರದು ನೇಕಾರರ ಮನೆತನ. ಮುಂದೆ ವಾಸದ ಮನೆ, ಹಿಂದಿನ ಶೆಡ್ಡಿನಲ್ಲಿ ಎಂಟು ವಿದ್ಯುತ್ ಮಗ್ಗ. ಮಗ ನಾಗರಾಜ ಸೀರೆ ಗಂಟು ಕಟ್ಟಿಕೊಂಡು ಬೆಂಗಳೂರಿನ ಅಂಗಡಿಗಳನ್ನು ಸುತ್ತುತ್ತಿದ್ದ, ಮನೆಯಲ್ಲಿ ಕಾಣಿಸುತ್ತಿದ್ದುದು ಅಪರೂಪ. ಸೊಸೆ ವೀಣಾ ಹೊಸಕೋಟೆಯ ಕಡೆಯವಳು. ಬಿ.ಕಾಂ. ಮುಗಿಸಿ, ಕಂಪ್ಯೂಟರಿನಲ್ಲಿ ಸೀರೆಯ ಅಂಚು, ಸೆರಗಿನ ಡಿಸೈನ್ ಮಾಡುವುದನ್ನು ಕಲಿತು ಬಂದಿದ್ದಳು. ಅಲ್ಲಿಯವರೆಗೆ ಹೊರಗಿನ ಡಿಸೈನರ್ ಒಬ್ಬ ಚೌಕಳಿ ಕಾಗದದ ಮೇಲೆ ವಾರಗಟ್ಟಲೆ ಚುಕ್ಕಿ ತುಂಬಿ ಕೊಡುತ್ತಿದ್ದ. ಈಕೆ ಎರಡೇ ದಿನದಲ್ಲಿ ನವಿಲು, ಮಾವಿನಕಾಯಿ ಎಲ್ಲ ಕೂರಿಸಿ ಕೊಟ್ಟುಬಿಟ್ಟಳು. "ನಮ್ ಸೊಸೆ ಬರ್ದಿರೋ ಅಂಚು" ಎಂದು ಗಂಗಾಧರಪ್ಪ ಬೀದಿಯಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದರು.

ಒಂದು ದಿನ ಅವರು ನಮ್ಮ ಅಂಗಡಿಗೆ ಬಂದರು. ಬಂದರು ಅನ್ನುವುದಕ್ಕಿಂತ ಅವರ ದನಿ ಬಂತು, ಹಿಂದಿನಿಂದ ಅವರು ಬಂದರು. ಹುಟ್ಟಿದಾಗಿನಿಂದ ಮಗ್ಗದ ಸದ್ದಿನಲ್ಲೇ ಮಾತಾಡಿದವರು, ಅವರಿಗೆ ಮೆಲ್ಲಗೆ ಮಾತಾಡಲು ಬರುತ್ತಲೇ ಇರಲಿಲ್ಲ.

"ಏನ್ರೀ ರಾಮಾಂಜಿನಪ್ಪ! ನೀವ್ ಕೊಟ್ಟಿರೋ ಪೆಟ್ಗೆ ಯಾರೂ ಮುಟ್ದೇ ತಾನೇ ಆನ್ ಆಗ್ಬುಟ್ಟು ಕೂತಿರ್ತೈತೆ ಕಣ್ರೀ! ಮೊನ್ನೆ ಎಲ್ಲಾ ಮದ್ವೆಗೆ ಹೋಗಿದ್ವಿ, ಬಂದು ಬಾಗ್ಲು ತೆಗೆದ್ರೆ ಇದು ಉರೀತಾ ಐತೆ!"

ಹೋದೆ. ಯಜಮಾನರ ಹೆಂಡತಿ ಗೌರಮ್ಮನವರು ಆಗಲೇ ಮಾನಿಟರಿನ ಮೇಲೆ ನಿಂಬೆಹಣ್ಣು, ಒಣಮೆಣಸಿನಕಾಯಿ ಕಟ್ಟಿದ್ದರು. "ಗಾಳಿ ಸೋಕೈತೆ ಅನ್ಸುತ್ತಪ್ಪ," ಎಂದರು. ನಾನು ನಕ್ಕು, ಕಂಪ್ಯೂಟರ್ ಆಫ್ ಮಾಡಿದೆ. ಗೋಡೆಯ ಸ್ವಿಚ್ ಆಫ್ ಮಾಡಿ, ಮತ್ತೆ ಹಾಕಿ ನೋಡಿದೆ. ಹತ್ತು ಸಲ ಹಾಗೆ ಮಾಡಿದೆ. ಪಕ್ಕದಲ್ಲಿದ್ದ ಯುಪಿಎಸ್, ಅಂದರೆ ಕರೆಂಟ್ ಹೋದಾಗ ಬ್ಯಾಟರಿಯಿಂದ ಕಂಪ್ಯೂಟರಿಗೆ ಊಡುವ ಡಬ್ಬಿ, ಕುಂಯ್ ಕುಂಯ್ ಎಂದಿತು ಅಷ್ಟೇ. ಕಂಪ್ಯೂಟರ್ ಕಲ್ಲಿನ ಹಾಗೆ ಕೂತಿತ್ತು. ಎರಡು ಗಂಟೆ ಕಾದೆ. ಗೌರಮ್ಮನವರು ಕೊಟ್ಟ ನಿಪ್ಪಟ್ಟು ಮುಗಿಯಿತು, ಕಾಫಿ ಎರಡು ಸಲ ಆಯಿತು. ಏನೂ ಆಗಲಿಲ್ಲ.

ವೀಣಾ ಬಾಗಿಲಲ್ಲಿ ನಿಂತು, "ಅಣ್ಣ, ಅದು ಯಾವಾಗ್ಲೂ ಹಾಗೆ ಆಗಲ್ಲ. ಕೆಲವು ದಿನ ಮಾತ್ರ. ನಾನು ಗಮನಿಸಿದ್ದೀನಿ..." ಎಂದು ಶುರು ಮಾಡಿದಳು.

"ನೋಡೋಣ ಬಿಡಮ್ಮ, ನಾನು ನೋಡ್ತಾ ಇದ್ದೀನಲ್ಲ," ಎಂದು ನಾನು ಮಾತು ಕತ್ತರಿಸಿದೆ. ಇವತ್ತಿಗೂ ಆ ಒಂದು ಮಾತು ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳೋಣ ಅನ್ನಿಸುತ್ತದೆ.  ನಾನು ಜೇಬಿನಿಂದ ಚೀಟಿ ಪುಸ್ತಕ ತೆಗೆದು, ಠೀವಿಯಿಂದ ಬರೆದೆ: 'ಯಂತ್ರ ಸರಿಯಿದೆ. ಉಪಯೋಗಿಸುವವರು ಸರಿಯಾಗಿ ಆಫ್ ಮಾಡುತ್ತಿಲ್ಲ.' ಕೆಳಗೆ ಸಹಿ, ಅಂಗಡಿಯ ಮೊಹರು.

ಬೇರೆ ಯಾರ ಮನೆಯಲ್ಲಾದರೂ ಈ ಚೀಟಿ ಕಸದ ಬುಟ್ಟಿಗೆ ಹೋಗುತ್ತಿತ್ತು. ಮಗ್ಗದ ಮನೆಯಲ್ಲಿ ಹಾಗಲ್ಲ. ಅಲ್ಲಿ ಕರೆಂಟ್ ಹೋದ ಕೂಡಲೇ ಮೊದಲ ಕೆಲಸ ಮಗ್ಗದ ಸ್ವಿಚ್ ಆಫ್ ಮಾಡುವುದು. ಮರೆತು ಬಿಟ್ಟರೆ, ಕರೆಂಟ್ ಬಂದ ಗಳಿಗೆ ಮಗ್ಗ ತಾನೇ ಹೊಡೆದುಕೊಳ್ಳಲು ಶುರುಮಾಡಿ, ನೂಲು ಒಯ್ಯುವ ಲಾಳಿ ಅರ್ಧ ದಾರಿಯಲ್ಲಿ ಸಿಕ್ಕಿಕೊಂಡು, ನೂರಾರು ಎಳೆ ಕಿತ್ತು ಸೀರೆ ಹಾಳು. ಹಾಗಾಗಿ ಸ್ವಿಚ್ ಬಿಟ್ಟು ಹೋದವನು ಎಂದರೆ ಅಲ್ಲಿ ಕಳ್ಳನಿಗಿಂತ ಕಡೆ. ಅಂಥ ಮನೆಗೆ ನಾನು ಮೊಹರು ಹಾಕಿ ಬರೆದುಕೊಟ್ಟದ್ದು ಏನೆಂದರೆ, ನಿಮ್ಮ ಸೊಸೆ ಸ್ವಿಚ್ ಬಿಟ್ಟು ಹೋಗುವವಳು, ಕೇಳಿದರೆ ಸುಳ್ಳು ಬೇರೆ ಹೇಳುತ್ತಾಳೆ ಎಂದು. ಬರೆಯುವಾಗ ನನಗೆ ಇದು ಹೊಳೆಯಲೇ ಇಲ್ಲ. ಮೊಪೆಡ್ ಹತ್ತಿ ಶಿಳ್ಳೆ ಹಾಕಿಕೊಂಡು ಬಂದೆ.

ಹದಿನೈದು ದಿನ ಕಳೆದ ಮೇಲೆ ಗಂಗಾಧರಪ್ಪ ಬೀದಿಯಲ್ಲಿ ಸಿಕ್ಕರು. ಖುಷಿಯಾಗಿದ್ದರು. "ನೀವ್ ಬರ್ದಿದ್ದೇ ಸರಿ ಕಣ್ರೀ! ಅವತ್ತೇ ಶೆಡ್ಡಲ್ಲಿ ಎಲ್ಲಾರ್ ಮುಂದೇನೇ ಸೊಸೇನ ಬೈದೆ. ಗೋಡೆ ಸ್ವಿಚ್ ಆಫ್ ಮಾಡಿ, ಆ ಕೋಣೆಗೆ ಬೀಗ ಹಾಕಿ, ಕೀ ನನ್ ಸೊಂಟದಾಗೆ ಇಟ್ಕಂಡಿವ್ನಿ. ಅವತ್ತಿಂದ ಒಂದ್ಸಲಾನೂ ಆನ್ ಆಗಿಲ್ಲ! ಅವಳು ಮುಟ್ದೇ ಇದ್ರೆ ಸರಿಯಾಗೇ ಐತೆ ನೋಡಿ!"

ಗೋಡೆಯ ಸ್ವಿಚ್ಚೇ ಆಫ್ ಆಗಿರುವಾಗ ಯಾವ ಕಂಪ್ಯೂಟರ್ ತಾನೇ ಆನ್ ಆಗುತ್ತದೆ? ಒಂದು ಕ್ಷಣ ಯೋಚಿಸಿದ್ದರೆ ಸಾಕಿತ್ತು. ನಾನೂ ಹೆಮ್ಮೆಯಿಂದ, "ನಾನ್ ಹೇಳ್ಲಿಲ್ವಾ?" ಎಂದೆ. ಒಬ್ಬ ಮೂರ್ಖನಿಗೆ ಇನ್ನೊಬ್ಬ ಸಾಕ್ಷಿ.

ಅದೇ ವಾರ ವೀಣಾ ಅಂಗಡಿಗೆ ಬಂದಳು. ಕೈಯಲ್ಲಿ ತರಕಾರಿ ಚೀಲ. ಸಂತೆಗೆ ಹೋಗಿ ಬರುತ್ತೇನೆ ಎಂದು ಹೇಳಿ ಬಂದಿದ್ದಳಂತೆ. ಶ್ರೀಕಂಠಯ್ಯನವರು ಊಟಕ್ಕೆ ಹೋಗಿದ್ದರು. ಆಕೆ ಕೂರಲಿಲ್ಲ. ನಿಂತುಕೊಂಡೇ ಕೇಳಿದಳು.

"ಅಣ್ಣ, ನೀವು ನನ್ನ ಮೇಲೆ ಬರೆದು ಹೋದಿರಲ್ಲ, ಈಗ ನಾನು ಏನ್ ಮಾಡ್ತಾ ಇದ್ದೀನಿ ಗೊತ್ತಾ?"

"ಏನಮ್ಮ?"

"ಕಂಡಿಕೆ ಸುತ್ತುತ್ತಾ ಇದ್ದೀನಿ. ಬೆಳಿಗ್ಗೆಯಿಂದ ಸಂಜೆ ತನಕ ಲಾಳಿಗೆ ನೂಲು ಸುತ್ತೋದು. ಸುತ್ತೋದು ಕೀಳು ಕೆಲಸ ಅಂತಲ್ಲ, ಅತ್ತೆ ಮೂವತ್ತು ವರ್ಷ ಸುತ್ತಿದ್ದಾರೆ. ಆದ್ರೆ ನಾನು 'ಆಫ್ ಮಾಡಿದ್ದೆ' ಅಂದ್ರೆ ಆ ಮನೇಲಿ ಈಗ ಯಾರೂ ನಂಬಲ್ಲ. ಗ್ಯಾಸ್ ಆಫ್ ಮಾಡಿದ್ದೀನಿ ಅಂದ್ರೂ ಅತ್ತೆ ಎದ್ದು ಹೋಗಿ ನೋಡ್ತಾರೆ. ಡಿಸೈನಿಗೆ ಮತ್ತೆ ಹಳೇ ಮನುಷ್ಯನ್ನೇ ಕರೆಸ್ತಾರಂತೆ, ಮುಂದಿನ ವಾರ ಮಾತಾಡ್ತಾರೆ. ಅವನು ಬಂದ ಅಂದ್ರೆ ನನ್ನ ಕುರ್ಚಿ ಮುಗೀತು."

ನನ್ನ ಬಾಯಿಗೆ ಬಂದದ್ದು "ಯಂತ್ರ ಸರಿಯಾಗಿತ್ತಲ್ಲಮ್ಮ" ಎಂಬ ಅದೇ ಹಳೆಯ ರಾಗ.

ಆಕೆ ಚೀಲದಿಂದ ಬದನೆಕಾಯಿ ಸರಿಸಿ ಒಂದು ನೋಟ್‌ಬುಕ್ ತೆಗೆದಳು. ಮಗ್ಗದ ಶೆಡ್ಡಿನ ಗೋಡೆಯ ಮೇಲೆ ಕರೆಂಟ್ ಎಷ್ಟೊತ್ತಿಗೆ ಹೋಯಿತು, ಎಷ್ಟೊತ್ತಿಗೆ ಬಂತು ಎಂದು ಸೀಮೆಸುಣ್ಣದಲ್ಲಿ ಬರೆದಿಡುವುದು ಅವರ ರೂಢಿ. ಯಾವ ಪಾಳಿಯ ಕೆಲಸ ಎಷ್ಟು ನಿಂತಿತು ಎಂದು ಆಮೇಲೆ ಜಗಳ ಆಗಬಾರದಲ್ಲ. ವೀಣಾ ಅದನ್ನೆಲ್ಲ ನಕಲು ಮಾಡಿಕೊಂಡು, ಕಂಪ್ಯೂಟರ್ ತಾನೇ ಆನ್ ಆದ ದಿನಗಳನ್ನು ಪಕ್ಕದಲ್ಲಿ ಬರೆದಿದ್ದಳು.

"ನೋಡಿ. ಕಾಲು ಗಂಟೆ, ಅರ್ಧ ಗಂಟೆ ಕರೆಂಟ್ ಹೋದ ದಿನ ಏನೂ ಆಗಿಲ್ಲ. ಒಂದು ಗಂಟೆಗಿಂತ ಜಾಸ್ತಿ ಹೋಗಿ ಬಂದ ದಿನ ಆನ್ ಆಗಿದೆ. ಒಂದು ದಿನಾನೂ ತಪ್ಪಿಲ್ಲ. ಮದುವೆ ದಿನ ಮೂರು ಗಂಟೆ ಹೋಗಿತ್ತು. ಅವತ್ತೇ ಇದನ್ನ ಹೇಳೋಕೆ ಬಂದೆ, ನೀವು ಬಿಡಲಿಲ್ಲ. ಈಗ ಹೇಳಿ, ಆ ಬ್ಯಾಟರಿ ಡಬ್ಬಿ ಎಷ್ಟು ಹೊತ್ತು ತಡೆಯುತ್ತೆ?"

"ಮುಕ್ಕಾಲು ಗಂಟೆ, ಒಂದು..." ಎನ್ನುತ್ತಿದ್ದವನು ಅಲ್ಲೇ ನಿಂತೆ. ನಾನು ಹತ್ತು ಸಲ ಗೋಡೆಯ ಸ್ವಿಚ್ ಆಫ್ ಮಾಡಿ ಹಾಕಿದರೂ ಏನೂ ಆಗದ್ದು ಯಾಕೆ ಎಂದು ಆಗ ಗೊತ್ತಾಯಿತು. ಅಷ್ಟು ಹೊತ್ತೂ ಯುಪಿಎಸ್ ಊಡುತ್ತಲೇ ಇತ್ತು, ಕಂಪ್ಯೂಟರಿಗೆ ಕರೆಂಟ್ ಹೋದದ್ದೇ ತಿಳಿದಿರಲಿಲ್ಲ. ಬ್ಯಾಟರಿ ಪೂರ್ತಿ ಖಾಲಿಯಾದ ಮೇಲೆ ಮತ್ತೆ ಕರೆಂಟ್ ಬಂದರೆ ಮಾತ್ರ ಅದು ಏಳುತ್ತಿತ್ತು. ಆ ಗೋಡೆಯ ಸ್ವಿಚ್ ಯಾವಾಗಲೂ ಆನ್ ಇರಲಿ, ಬ್ಯಾಟರಿ ಚಾರ್ಜ್ ಆಗಬೇಕು ಎಂದು ಅವರ ಮನೆಯ ಗೋಡೆಗೆ ಕಾಗದ ಅಂಟಿಸಿ ಬಂದವನೂ ನಾನೇ.

"ನಡಿಯಮ್ಮ, ಈಗಲೇ ಹೋಗೋಣ," ಎಂದೆ. ಆಕೆ ನೋಟ್‌ಬುಕ್ ಮತ್ತೆ ಚೀಲಕ್ಕೆ ತುರುಕಿಕೊಂಡು ನಡೆದೇ ಹೋದಳು. ನಾನು ಮೊಪೆಡ್‌ನಲ್ಲಿ ಮುಂದೆ ಹೋದೆ.

ಗಂಗಾಧರಪ್ಪ ಸೊಂಟದಿಂದ ಕೀ ತೆಗೆದು ಕೋಣೆಯ ಬೀಗ ತೆಗೆದರು. "ಸರಿಯಾಗೈತಲ್ರೀ, ಮತ್ಯಾಕೆ ಬಂದ್ರಿ?" ಅಷ್ಟರಲ್ಲಿ ವೀಣಾಳೂ ಬಂದು ಹೊಸ್ತಿಲ ಆಚೆ ನಿಂತಳು. ಗೌರಮ್ಮನವರು ಕೈ ಒರೆಸಿಕೊಳ್ಳುತ್ತ ಬಂದರು.

"ಯಜಮಾನ್ರೇ, ನಾವ್ಯಾರೂ ಕಂಪ್ಯೂಟರ್ ಮುಟ್ಟೋದು ಬೇಡ. ಎಲ್ಲಾ ದೂರ ನಿಂತ್ಕೊಳ್ಳೋಣ. ನೀವೇ ನಿಮ್ಮ ಕೈಯಾರೆ ಗೋಡೆ ಸ್ವಿಚ್ ಹಾಕಿ," ಎಂದೆ.

"ಇದೇನ್ ಮಹಾ" ಎಂದು ಅವರು ಸ್ವಿಚ್ ಹಾಕಿದರು. ಹದಿನೈದು ದಿನ ಸತ್ತು ಬಿದ್ದಿದ್ದ ಯುಪಿಎಸ್ ಟಿಕ್ ಎಂದಿತು. ಒಂದು ಗಳಿಗೆ ಸುಮ್ಮನಿತ್ತು. ಆಮೇಲೆ ಯಾರೂ ಮುಟ್ಟದ ಆ ಪೆಟ್ಟಿಗೆ ಬುರ್ರ್ ಎಂದು ಎದ್ದು, ಹಸಿರು ದೀಪ ಹೊತ್ತಿ, ಬೀಪ್ ಎಂದು ಕೂಗಿತು.

"ಅಯ್ಯೋ ನಮ್ಮಪ್ಪಾ!" ಎಂದು ಗೌರಮ್ಮ ಬಾಗಿಲಿಗೆ ಓಡಿದರು. ಗಂಗಾಧರಪ್ಪ ಎಂಟು ಮಗ್ಗದ ಯಜಮಾನರು, ಗಟ್ಟಿ ಆಳು, ಅವರೂ ಎರಡು ಹೆಜ್ಜೆ ಹಿಂದೆ ಹಾರಿ ನನ್ನ ಕಾಲು ತುಳಿದರು.

ನಾನು ಕುಂಟುತ್ತಲೇ ಹೋಗಿ ಕಂಪ್ಯೂಟರಿನ ಒಳಗಿನ ಏರ್ಪಾಡುಗಳ ಪಟ್ಟಿ ತೆರೆದೆ. ಕರೆಂಟ್ ಹೋಗಿ ಬಂದರೆ ಏನು ಮಾಡಬೇಕು ಎಂದು ಅಲ್ಲೊಂದು ಸಾಲು. ಅದರ ಮುಂದೆ 'ಆನ್' ಎಂದಿತ್ತು. ಅದನ್ನು ನೋಡಿದ ಕೂಡಲೇ ನನಗೆ ಎಲ್ಲ ನೆನಪಾಯಿತು. ಇವರಿಗೆ ಕೊಟ್ಟ ವಾರವೇ ಬಾಶೆಟ್ಟಿಹಳ್ಳಿಯ ಒಂದು ಕಾರ್ಖಾನೆಗೂ ಕಂಪ್ಯೂಟರುಗಳನ್ನು ಕಳಿಸಿದ್ದೆವು. ಗೇಟಿನಲ್ಲಿ ಪಾಳಿಯವರ ಹಾಜರಾತಿಗೆ ಇಡುವಂಥವು. ಕರೆಂಟ್ ಬಂದಾಗ ತಾವೇ ಆನ್ ಆಗಬೇಕು ಎಂದು ಅವರೇ ಕೇಳಿದ್ದರು. ಮೇಜಿನ ಮೇಲೆ ಸಾಲಾಗಿ ಇದ್ದ ಪೆಟ್ಟಿಗೆಗಳಿಗೆಲ್ಲ ಒಂದೇ ಏಟಿಗೆ ಹಾಗೇ ಮಾಡಿ ಮುಗಿಸಿದ್ದೆ. ಯಾವುದು ಕಾರ್ಖಾನೆಗೆ, ಯಾವುದು ಮನೆಗೆ ಎಂದು ತಿರುಗಿಯೂ ನೋಡಿರಲಿಲ್ಲ. ದೆವ್ವವೂ ಇಲ್ಲ, ಗಾಳಿಯೂ ಇಲ್ಲ. ನಾನೇ.

ಗಂಗಾಧರಪ್ಪ ಕೇಳಿದರು: "ಏನ್ರೀ ಅದು? ಏನಾಗೈತೆ?"

ನಿಜ ಹೇಳುತ್ತೇನೆ, 'ವೈರಸ್' ಎಂಬ ಮಾತು ನನ್ನ ನಾಲಿಗೆಯ ತುದಿಯಲ್ಲಿ ಬಂದು ಕೂತಿತ್ತು. ಅಂದಿದ್ದರೆ ಮುಗಿದುಹೋಗುತ್ತಿತ್ತು. ಅಂಗಡಿಯ ಮಾನ ಉಳಿಯುತ್ತಿತ್ತು, ಸೊಸೆಯ ಮೇಲಿನ ಮಾತೂ ಹೇಗೋ ಹೋಗುತ್ತಿತ್ತು, ಎಲ್ಲರೂ ಇನ್ನೊಂದು ಕಾಫಿ ಕುಡಿಯುತ್ತಿದ್ದೆವು. ತಿರುಗಿ ನೋಡಿದರೆ ವೀಣಾ ಹೊಸ್ತಿಲಿಂದಲೇ ಆ ಸಾಲನ್ನು ಓದುತ್ತಿದ್ದಾಳೆ. ಓದಿ ನನ್ನ ಮುಖ ನೋಡಿದಳು. ನನಗೆ ಬಹಳ ನಾಚಿಕೆಯಾಯಿತು.

"ಯಜಮಾನ್ರೇ, ಇದು ನನ್ ತಪ್ಪು. ಕಾರ್ಖಾನೆಗೆ ಮಾಡೋ ಏರ್ಪಾಡನ್ನ ನಿಮ್ಮ ಮನೆ ಪೆಟ್ಟಿಗೆಗೂ ಮಾಡಿಬಿಟ್ಟಿದ್ದೀನಿ. ನಿಮ್ ಸೊಸೆ ಪ್ರತಿ ಸಲಾನೂ ಸರಿಯಾಗೇ ಆಫ್ ಮಾಡಿದ್ದಾರೆ. ಕಾರಣ ಕಂಡುಹಿಡಿದಿದ್ದೂ ಅವರೇ. ನಾನು ಬರೆದ ಚೀಟಿ ಸುಳ್ಳು."

 ಗಂಗಾಧರಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡರು. ವೀಣಾ ಹಿಂದಿನ ಶೆಡ್ಡಿಗೆ ಹೊರಟುಹೋದಳು.

"ಬನ್ನಿ ನನ್ ಜತೆ," ಎಂದು ಯಜಮಾನರು ನನ್ನ ತೋಳು ಹಿಡಿದು ಶೆಡ್ಡಿಗೆ ಕರೆದುಕೊಂಡು ಹೋದರು. ಎಂಟು ಮಗ್ಗವೂ ಹೊಡೆಯುತ್ತಿದ್ದವು, ಕಿವಿ ಹರಿದುಹೋಗುವ ಸದ್ದು. ಮೂಲೆಯಲ್ಲಿ ವೀಣಾ ಕಂಡಿಕೆ ಸುತ್ತುವ ಯಂತ್ರದ ಮುಂದೆ ಕೂತಾಗಿತ್ತು. ಕರೆಂಟ್ ಇರುವಾಗ ಮಗ್ಗ ನಿಲ್ಲಿಸುವುದು ಎಂದರೆ ಆ ಊರಿನಲ್ಲಿ ಮನೆಯಲ್ಲಿ ಸಾವಾಗಿರಬೇಕು. ಗಂಗಾಧರಪ್ಪ ಒಂದೊಂದೇ ಮಗ್ಗದ ಹತ್ತಿರ ಹೋಗಿ ತಾವೇ ನಿಲ್ಲಿಸುತ್ತ ಬಂದರು. ಕೊನೆಯದೂ ನಿಂತಿತು. ನೇಯುವವರೆಲ್ಲ ಗಾಬರಿಯಾಗಿ ಮುಖ ಮುಖ ನೋಡಿಕೊಂಡರು.

"ನಾನು ಅವಳನ್ನ ಬೈದಿದ್ದು ಇಲ್ಲಿ. ಇವ್ರೆಲ್ಲಾ ಕೇಳಿಸ್ಕೊಂಡವ್ರೆ. ನೀವೂ ಇಲ್ಲೇ ಹೇಳಿ," ಎಂದರು.

ಹೇಳಿದೆ.  ಹಿರಿಯ ನೇಕಾರ ಮುನಿಯಪ್ಪ ಪೂರ್ತಿ ಕೇಳಿ, ಸ್ವಲ್ಪ ಯೋಚಿಸಿ, "ಅಂದ್ರೆ ಸ್ವಿಚ್ ಬಿಟ್ಟಿದ್ದು ಯಾರು?" ಎಂದ.

"ನಾನು."

"ಥೂ," ಎಂದ. ಅದಕ್ಕಿಂತ ಸರಿಯಾದ ಮಾತು ನನಗೂ ತೋಚಲಿಲ್ಲ.

ಇನ್ನು ಮುಗಿಯಿತು ಎಂದು ನಾನು ಹೊರಡಲು ತಿರುಗಿದೆ. ವೀಣಾ ಮಾತ್ರ ಏಳಲಿಲ್ಲ. ಕೈಯಲ್ಲಿದ್ದ ಕಂಡಿಕೆಯನ್ನು ಬುಟ್ಟಿಗೆ ಹಾಕಿ ಹೇಳಿದಳು.

"ಇವರು ಗೊತ್ತಿಲ್ದೇ ಬರೆದ್ರು. ನಂಬಿದ್ದು ನೀವಲ್ವಾ, ಮಾವ?"

 ಆ ಮನೆಯಲ್ಲಿ ಸೊಸೆ ಮಾವನಿಗೆ ಎದುರು ಮಾತಾಡಿದ್ದು ಅದೇ ಮೊದಲಿರಬೇಕು. ನಮ್ಮ ಹಿಂದೆಯೇ ಬಂದಿದ್ದ ಗೌರಮ್ಮನವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಗಂಗಾಧರಪ್ಪ ನೆಲ ನೋಡಿದರು, ಮಗ್ಗ ನೋಡಿದರು, ಕೊನೆಗೆ ಸೊಸೆಯನ್ನು ನೋಡಿದರು. ಆಮೇಲೆ ಹೇಳಿದರು. ಮೆಲ್ಲಗೆ ಹೇಳಬೇಕೆಂದೇ ಹೊರಟಿದ್ದರು ಅನ್ನಿಸುತ್ತದೆ. ಆದರೆ ಮೆಲ್ಲಗೆ ಬರಬೇಕಲ್ಲ?

"ಹೂಂ ಕಣಮ್ಮಾ! ನಂಬಿದ್ದು ನಾನೇ! ನನ್ದೇ ತಪ್ಪು! ಮನೆ ಮಗಳ ಮಾತು ಬಿಟ್ಟು ಚೀಟಿ ಮಾತು ಕೇಳ್ದೆ!"

ಮಗ್ಗಗಳು ನಿಂತಿದ್ದವು. ಬೀದಿಯ ಆ ತುದಿಯವರೆಗೂ ಕೇಳಿಸಿತು. ಎದುರು ಮನೆಯವರು ಬಾಗಿಲಿಗೆ ಬಂದು ಇಣುಕಿದರು.

ವೀಣಾ ಎದ್ದಳು. ಸೀರೆಗೆ ಅಂಟಿದ್ದ ನೂಲಿನ ಚೂರುಗಳನ್ನು ಕೊಡವಿಕೊಂಡು, ಕೋಣೆಯ ಕಡೆ ಹೊರಟವಳು ಮಾವನ ಹತ್ತಿರ ಒಂದು ಗಳಿಗೆ ನಿಂತಳು.

"ಸರಿ ಮಾವ. ಕರೆಂಟ್ ಇದೆ, ಮಗ್ಗ ಯಾಕೆ ನಿಲ್ಲಿಸ್ಕೊಂಡು ನಿಂತಿದ್ದೀರಿ? ಹಾಕಿ."